ತಲಾತಜ್ಜಿಯ ಬಾಗಿಲು

ಆ ಭವನವನ್ನು ನಮ್ಮನ್ನು ಕೇಳಿಯೇ ಕಟ್ಟಿದರು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಈ ಅಕ್ರಾ ಪಟ್ಟಣದ ದೊಡ್ಡವರು "ಈ ಹೆಂಗಸರಿಗೆ ಉಪಕಾರ ಸ್ಮರಣೆಯೇ ಇಲ್ಲ" ಅನ್ನಬಾರದು. ಕುರ್ಚಿ ಹಾಕಿ ಕೂರಿಸಿ ಕೇಳಿದರು. ತಣ್ಣನೆಯ ಸೋಡಾ ಕೊಟ್ಟು ಕೇಳಿದರು. ಆ ಸೋಡಾ ಕ್ರೇಟುಗಳನ್ನು ಹೊತ್ತು ತಂದವರೂ ನಾವೇ, ಅದು ಬೇರೆ ಮಾತು.

ನನ್ನ ಹೆಸರು ಲಮೀಸಿ. ಈ ಊರಿನಲ್ಲಿ ಅದು ಯಾರಿಗೂ ಬೇಕಾಗಿಲ್ಲ. ಮಾರುಕಟ್ಟೆಯಲ್ಲಿ ನಮ್ಮನ್ನು ಕೂಗುವುದು "ಕಾಯಾ" ಎಂದು. ಕಾಯಾ ಅಂದರೆ ಹೊರೆ. ಹೊತ್ತವಳಿಗೂ ಅದೇ ಹೆಸರು. ಗೆಣಸಿನ ಮೂಟೆ ಸಾಗಿಸಬೇಕೆ? "ಏಯ್ ಕಾಯಾ!" ಟೊಮೇಟೊ ಪೆಟ್ಟಿಗೆ ಇಳಿಸಬೇಕೆ? "ಕಾಯಾ, ಬೇಗ!" ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ತೊಟ್ಟಿಲಷ್ಟು ದೊಡ್ಡ ಅಲ್ಯೂಮಿನಿಯಂ ಬೋಗುಣಿ, ಬೋಗುಣಿಯೊಳಗೆ ಬೇರೆಯವರ ಮನೆಯ ಅಡುಗೆ. ಬೆನ್ನಿಗೆ ಬಿಗಿದ ಬಟ್ಟೆಯಲ್ಲಿ ನನ್ನ ಮಗಳು ಅಸಿಬಿ. ಹೊರೆ ಹೊತ್ತವಳ ಕತ್ತು ಯಾವ ಮಹಾರಾಣಿಯ ಕತ್ತಿಗೂ ಕಡಿಮೆಯಿಲ್ಲದಷ್ಟು ನೆಟ್ಟಗಿರುತ್ತದೆ. ಪೊಗರಿಗಲ್ಲ. ಬಗ್ಗಿದರೆ ಹೊರೆ ಬೀಳುತ್ತದೆ, ಬಿದ್ದರೆ ಬೈಗುಳ ಬೀಳುತ್ತದೆ.

ಮಾರುಕಟ್ಟೆಯ ಹಿಂದೆ ಹಳೆಯ ಲಾರಿ ನಿಲ್ದಾಣವಿತ್ತು. ಅದರ ಮೂಲೆಯಲ್ಲೊಂದು ಬೇವಿನ ಮರ, ಮರಕ್ಕೆ ಒರಗಿದಂತೆ ಒಂದು ತಗಡಿನ ಮಾಡು. ಉತ್ತರದ ಸೀಮೆಯಿಂದ ಬಸ್ಸಿಳಿದ ನಮ್ಮಂಥ ಹೆಂಗಸರ ಮಕ್ಕಳೆಲ್ಲ ಆ ಮಾಡಿನ ಕೆಳಗೆ ಬೆಳೆದವು. ನೋಡಿಕೊಳ್ಳಲು ತಲಾತಜ್ಜಿ ಇದ್ದಳು. ಅವಳೂ ಒಂದು ಕಾಲಕ್ಕೆ ಹೊರೆಯವಳೇ. ಹೊತ್ತು ಹೊತ್ತು ಅವಳ ಕತ್ತು ಈಗ ಎಡಕ್ಕೆ ತಿರುಗುವುದಿಲ್ಲ. ಎಡಗಡೆಯವರನ್ನು ಬೈಯಬೇಕಾದರೆ ಇಡೀ ಮೈ ತಿರುಗಿಸಿ ಬೈಯುತ್ತಾಳೆ. ಆದರೂ ಬೈಯದೆ ಬಿಟ್ಟವಳಲ್ಲ.

ಒಂದು ದಿನ ತಗಡು ಕಿತ್ತರು. ಅಲ್ಲಿ ಬಡಾವಣೆಗೆ ಸಂಸ್ಕೃತಿ ಭವನ ಬರುತ್ತದಂತೆ. ಎಲ್ಲರಿಗಂತೆ. ನಾವು ಮಕ್ಕಳ ಚಾಪೆಗಳನ್ನು ಅಂಗಡಿ ಸಾಲಿನ ಮುಂದೆ, ಲಾರಿಗಳ ನಡುವೆ ಹಾಸಿದೆವು. ಮಳೆ ಬರುವಂತಿತ್ತು, ತಲಾತಜ್ಜಿ ಅಸಿಬಿಯನ್ನು ಎತ್ತಿಕೊಂಡು ಆಚೆ ಸರಿದಳು. ಅಷ್ಟರಲ್ಲಿ ಲಾರಿಯೊಂದು ಹಿಂದಕ್ಕೆ ಬಂತು. ನಾನು ಗೆಣಸು ಇಳಿಸಿ ಬಂದಾಗ ಚಾಪೆಯ ನಡುವೆ ಟೈರಿನ ಗುರುತು ಇತ್ತು. ಮಗಳು ಅಜ್ಜಿಯ ತೊಡೆಯ ಮೇಲೆ ಕೂತು ನಗುತ್ತಿದ್ದಳು. ಚಾಪೆ ಸುತ್ತಿ ಬಗಲಿಗಿಟ್ಟುಕೊಂಡೆ. ಆ ಚಾಪೆಯನ್ನು ನಾನು ಇವತ್ತಿಗೂ ಎಸೆದಿಲ್ಲ.

ಅದಾದ ಮೇಲೆ ಸಭೆ ಕರೆದರು. ಭವನದ ನಕ್ಷೆ ಮಾಡುವವನು ಎಬೊ ಕ್ವಾನ್ಸಾ. ಕರಾವಳಿಯ ಕಡೆಯ ಹುಡುಗ, ಎಲ್ಲೆಲ್ಲೋ ಓದಿ ಬಂದವನು. ಒಳ್ಳೆಯವನು, ಕೊಂಕಿಗೆ ಹೇಳುತ್ತಿಲ್ಲ. ನಮ್ಮನ್ನೆಲ್ಲ ಕುರ್ಚಿಯ ಮೇಲೆ ಕೂರಿಸಿ ತಾನು ನೆಲದ ಮೇಲೆ ಕೂತ. ಬಿಳಿ ಪ್ಯಾಂಟು ಬೇರೆ. ಅವನ ಪ್ಯಾಂಟನ್ನೇ ನೋಡುತ್ತ ನಮಗೆ ಅರ್ಧ ಮಾತು ಕೇಳಿಸಲಿಲ್ಲ. ಮುಂದೆ ರಟ್ಟಿನಲ್ಲಿ ಮಾಡಿದ ಪುಟ್ಟ ಭವನ. ರಟ್ಟಿನ ಮರ, ರಟ್ಟಿನ ಜನ. ರಟ್ಟಿನವರ್‍ಯಾರ ತಲೆಯ ಮೇಲೂ ಏನೂ ಇರಲಿಲ್ಲ.

"ಏನು ಬೇಕು ಹೇಳಿ ಅಮ್ಮಂದಿರಾ. ಮನಸ್ಸು ಬಿಚ್ಚಿ ಹೇಳಿ," ಅಂದ.

"ಮಕ್ಕಳನ್ನ ಮಲಗ್ಸೋಕೆ ಒಂದು ಕೋಣೆ," ಅಂದೆ ನಾನು.

"ಖಂಡಿತ. ಇನ್ನೂ?"

"ಕೋಣೆಗೊಂದು ಸೂರು."

ಅವನು ನಕ್ಕ. "ಸೂರು ಇದ್ದೇ ಇರುತ್ತಲ್ಲಮ್ಮಾ."

"ನಿಮ್ಮ ಕಡೆ ಇದ್ದೇ ಇರುತ್ತೆ ಸಾರ್. ನಮ್ಮ ಕಡೆ ಕೇಳಿದ್ರೂ ಇರಲ್ಲ. ಅದಕ್ಕೇ ಹೇಳಿದೆ, ಬರ್ಕೊಳ್ಳಿ."

ಭವನ ಸಮಿತಿಯ ಅಧ್ಯಕ್ಷ ಲಾರ್ಟೆ ಸಾಹೇಬರು ಪಕ್ಕದಲ್ಲೇ ಇದ್ದರು. ಅಂಗಡಿ ಸಾಲಿನ ಅರ್ಧ ಅವರದೇ. ಅವರ ಸಿಮೆಂಟು, ಅವರ ಅಕ್ಕಿ, ಅವರ ಎಣ್ಣೆ ಡಬ್ಬ ನನ್ನ ತಲೆ ಹತ್ತಿ ಇಳಿದದ್ದು ಇವತ್ತು ನಿನ್ನೆಯಲ್ಲ. ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಬಾಗಿಲು ದಾಟಿದ ತಕ್ಷಣ ಬಲಗಡೆ ಮೊದಲ್ನೇ ಕೋಣೆ ಈ ಹೆಂಗಸರ ಮಕ್ಕಳಿಗೆ. ನನ್ನ ಮಾತು!" ನಾವು ಚಪ್ಪಾಳೆ ತಟ್ಟಿದೆವು. ಕೈ ಖಾಲಿ ಇದ್ದದ್ದೇ ಅಪರೂಪ, ತಟ್ಟಿಬಿಟ್ಟೆವು.

ಅಲ್ಲಿಗೆ ಸಭೆ ಮುಗಿದಿದ್ದರೆ ಚೆನ್ನಾಗಿತ್ತು. ಎಬೊ ಇನ್ನೊಂದು ಮಾತು ಕೇಳಿದ. "ನಿಮ್ಮೂರಿನ ಮನೇಲಿ ನಿಮಗೆ ತುಂಬ ನೆನಪಾಗೋದು ಏನು?"

ಇಂಥದ್ದನ್ನು ನಮ್ಮನ್ನು ಯಾರೂ ಕೇಳಿರಲಿಲ್ಲ. ಆಗ ತಲಾತಜ್ಜಿ ಮೈ ತಿರುಗಿಸಿದಳು.

"ನಮ್ಮವ್ವನ ಮನೆ ಬಾಗಿಲು ಮಗಾ. ಗುಂಡನೆ ಮಣ್ಣಿನ ಮನೆ, ಬಾಗಿಲು ಇಷ್ಟೇ ಇಷ್ಟು. ಎಂಥೋನಾದ್ರೂ ಬಗ್ಗಿ ಬರ್ಬೇಕು. ತಲೆ ಒಳಗೆ ಬಂದ್ಮೇಲೆ ಅಡ್ಡಕ್ಕೆ ಮಂಡಿಯುದ್ದ ಗೋಡೆ. ಕಾಲೆತ್ತಿ ದಾಟ್ಬೇಕು. ಅಷ್ಟೊತ್ತಿಗೆ ಒಳಗಿರೋಳು ಬಂದೋನು ಯಾರು ಅಂತ ನೋಡ್ಕೋತಾಳೆ. ನಮ್ಮೋನಾದ್ರೆ ಕೈಗೆ ನೀರು. ಕಳ್ಳನಾದ್ರೆ ಬುರುಡೆಗೊಂದು!"

ಊರುಗೋಲಿನಿಂದ ಕುರ್ಚಿಯ ಕೈಗೆ ಒಂದು ಬಿಟ್ಟು ತೋರಿಸಿದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನೋಡಿದರೆ ಮುದುಕಿ ಅಳುತ್ತಿದ್ದಾಳೆ. ಎಬೊನ ಕಣ್ಣೂ ಒದ್ದೆ. ಕಣ್ಣೊರೆಸಿಕೊಂಡು ಏನೋ ಗೀಚತೊಡಗಿದ. ಓದಿದ ಗಂಡಸು ಅಳುತ್ತ ಗೀಚಿದರೆ ಹೊರುವವರಿಗೆ ಕಷ್ಟ.

ಭವನ ಕಟ್ಟಲು ಮಣ್ಣು, ಮರಳು, ನೀರು, ಇಟ್ಟಿಗೆ ಎಲ್ಲ ನಮ್ಮ ತಲೆಯ ಮೇಲೇ ಬಂತು. ಬಿಸಿಲಿಗೆ ಬೋಗುಣಿ ಕಾದು ಸಿಂಬಿಯ ಮೂಲಕ ನೆತ್ತಿ ಸುಡುತ್ತಿತ್ತು. ಬೆವರು ಕಣ್ಣಿಗಿಳಿದರೆ ಒರೆಸಿಕೊಳ್ಳಲು ಕೈಯಿಲ್ಲ. ಬೆನ್ನ ಮೇಲೆ ಅಸಿಬಿ ಉಚ್ಚೆ ಹೊಯ್ದರೆ ಅದಷ್ಟೇ ತಂಪು. ಗೋಡೆ ಮೇಲೇಳುತ್ತಿದ್ದಂತೆ ನಾನು ದಿನಾ ಬಲಗಡೆಯ ಮೊದಲ ಕೋಣೆಯನ್ನು ನೋಡುತ್ತಿದ್ದೆ. ಇಲ್ಲಿ ಅಸಿಬಿಯ ಚಾಪೆ, ಅಲ್ಲಿ ನನ್ನ ಜೊತೆ ಹೊರುವ ಫಾತಿಯ ಅವಳಿಗಳದ್ದು, ಮೂಲೆಯಲ್ಲಿ ಅಜ್ಜಿ. ಮನಸ್ಸಿನಲ್ಲೇ ಹಾಸಿ, ಮನಸ್ಸಿನಲ್ಲೇ ಗುಡಿಸುತ್ತಿದ್ದೆ.

ಒಂದು ದಿನ ಬಾಗಿಲು ನನ್ನ ಎದೆಮಟ್ಟಕ್ಕೆ ಬಂತು. ಮೇಸ್ತ್ರಿ ಅಲ್ಲಿಗೇ ಕಮಾನು ಕಟ್ಟಿ ಮೇಲೆ ಮುಚ್ಚಿಬಿಟ್ಟ.

"ಏನಣ್ಣಾ, ಇಟ್ಟಿಗೆ ಸಾಲ್ಲಿಲ್ವಾ? ಬೇಕಾದ್ರೆ ತರ್ತೀವಿ," ಅಂದೆ.

"ನಕ್ಷೇಲಿ ಇಷ್ಟೇ ಇರೋದು ತಾಯಿ."

ಎಬೊನನ್ನು ಹಿಡಿದು ಕೇಳಿದೆ. ಅವನ ಮುಖ ಅರಳಿತು. "ಇದು ತಲಾತಮ್ಮನ ಬಾಗಿಲು! ಒಳಗೆ ಅಡ್ಡಗೋಡೆಯೂ ಬರುತ್ತೆ. ಇಡೀ ಭವನಕ್ಕೆ ಇದೊಂದೇ ಬಾಗಿಲು ಇಟ್ಟಿದೀನಿ. ದೊಡ್ಡವರಿಗೊಂದು, ಬಡವರಿಗೊಂದು ಅಂತಿಲ್ಲ. ಮಂತ್ರಿ ಬಂದ್ರೂ ಬಗ್ಗಬೇಕು, ನೀವು ಬಂದ್ರೂ ಬಗ್ಗಬೇಕು. ಎಲ್ಲರೂ ಸಮಾನ."

"ಖಾಲಿ ತಲೆಯೋರೆಲ್ಲ ಸಮಾನ ಸಾರ್," ಅಂದೆ. "ತಲೆ ಮೇಲೆ ಹೊರೆ ಇದ್ದೋಳು ಹೇಗೆ ಬಗ್ತಾಳೆ?"

ಅವನು ಸ್ವಲ್ಪ ಹೊತ್ತು ನನ್ನ ಬೋಗುಣಿಯನ್ನೇ ನೋಡಿದ. ಅದು ತಲೆಯ ಮೇಲಿರುವ ವಸ್ತು ಎಂದು ಅವನಿಗೆ ಆಗ ಹೊಳೆದಂತಿತ್ತು. "ಭವನಕ್ಕೆ ಬರುವಾಗ ಹೊರೆ ಇಳಿಸಿ ಬರಬಹುದಲ್ಲ," ಅಂದ. ಪಾಪ, ಪ್ರೀತಿಯಿಂದಲೇ ಅಂದ.

ಅವತ್ತಿನಿಂದ ತಲಾತಜ್ಜಿಗೆ ನಮ್ಮಿಂದ ನೆಮ್ಮದಿಯಿಲ್ಲ. ಊಟಕ್ಕೆ ಕೂತರೆ, "ಅಜ್ಜೀ, ನಿಮ್ಮವ್ವನ ಮನೇಲಿ ಕಿಟಕಿ ಹೇಗಿತ್ತು? ಹೇಳ್ಬೇಡ, ಕಟ್ಟಿಬಿಡ್ತಾರೆ!" ಅನ್ನುವಳು ಫಾತಿ. ಇನ್ನೊಬ್ಬಳು, "ನಾನು ನಮ್ಮೂರಿನ ಕೋಳಿಗೂಡು ನೆನಪಾಗುತ್ತೆ ಅನ್ನೋಳಿದ್ದೆ. ಸದ್ಯ, ಬಾಯಿ ಮುಚ್ಕೊಂಡೆ."

"ಥೂ ನಿಮ್ಮ ಬಾಯಿಗಿಷ್ಟು," ಅನ್ನುವಳು ಮುದುಕಿ. "ನಾನು ಹೇಳಿದ್ದು ನೆನಪು ಕಣ್ರೇ. ಅಳತೆ ಕೊಟ್ಟಿದ್ನಾ?"

ನಗುತ್ತಿದ್ದೆವು ನಿಜ. ಆದರೆ ಕೋಣೆ ಸಿಗುತ್ತದಲ್ಲ ಎಂದು ನಗುತ್ತಿದ್ದೆವು. ಬಾಗಿಲು ಕುಳ್ಳಾದರೇನು, ಮಕ್ಕಳೂ ಕುಳ್ಳೇ.

ಉದ್ಘಾಟನೆಯ ಬೆಳಿಗ್ಗೆ ಬಂತು. ದೊಡ್ಡವರು ಬರುತ್ತಾರೆಂದು ಸೋಡಾ ಕ್ರೇಟು, ನೀರಿನ ಪಾಕೆಟಿನ ಮೂಟೆ, ಅನ್ನ ಅಲಸಂದೆಯ ಬಿಸಿ ಪಾತ್ರೆ ಎಲ್ಲ ನಮ್ಮ ತಲೆಯ ಮೇಲೆ. ಸಾಲಾಗಿ ಬಂದು ಬಾಗಿಲ ಮುಂದೆ ನಿಂತೆವು. ಲಾರ್ಟೆ ಸಾಹೇಬರು ಜರಿಯ ಬಟ್ಟೆಯನ್ನು ಹೆಗಲ ಮೇಲೆ ಹೊದ್ದು ಬೆವರುತ್ತಿದ್ದರು.

"ಏಯ್ ಕಾಯಾ! ಏನು ನಿಂತ್ಕೊಂಡಿದೀರಿ? ಒಳಗೆ ಹೋಗಿ!"

"ಹೇಗೆ ಹೋಗೋದು ಸಾಹೇಬ್ರೇ?"

"ಬಗ್ಗಿ."

"ಬಗ್ಗಿದ್ರೆ ನಿಮ್ಮ ಸೋಡಾ ಹೋಗುತ್ತೆ."

ಅವರು ಬಾಗಿಲನ್ನು ನೋಡಿದರು. ನಮ್ಮ ತಲೆ ನೋಡಿದರು. ಅವರಿಗೂ ಅದು ಈಗಲೇ ಕಂಡದ್ದು. ಆದರೆ ಅಧ್ಯಕ್ಷರು, ಒಪ್ಪಿಕೊಳ್ಳುತ್ತಾರೆಯೇ? "ಹಾಗಾದ್ರೆ ನೆಲದ ಮೇಲಿಟ್ಟು ಒಳಕ್ಕೆ ತಳ್ಳಿ. ಹಿಂದೆ ಮಂಡಿ ಮೇಲೆ ತೆವಳ್ಕೊಂಡು ಹೋಗಿ. ಏನಾಗುತ್ತೆ, ಸವೆದುಹೋಗ್ತೀರಾ?"

ಊರಿಗೆಲ್ಲ ಬಾಯಿ ಮಾಡುವ ಈ ಲಮೀಸಿಯೇ ಮೊದಲು ಮಂಡಿಯೂರಿದಳು. ಬಾಯಿ ಇರುವುದು ಮಾತಿಗೆ, ಮಂಡಿ ಇರುವುದು ಕೂಲಿಗೆ. ಕ್ರೇಟು ತಳ್ಳುತ್ತ ತೆವಳಿದೆ. ಕಲ್ಲಿನ ಹರಳು ಮಂಡಿಗೆ ಚುಚ್ಚಿತು. ತಲೆ ಒಳಗೆ ಹೋಯಿತು, ಕ್ರೇಟು ಅಡ್ಡಗೋಡೆಗೆ ತಗುಲಿ ನಿಂತಿತು. ಬಲಗಡೆಯ ಕೋಣೆಗೆ ಕಣ್ಣು ಹೋಯಿತು.

ಕೋಣೆಯಲ್ಲಿ ಒಬ್ಬಳು ನಿಂತಿದ್ದಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬೋಗುಣಿ, ಬೆನ್ನ ಮೇಲೆ ಮಗು. ಪ್ಲಾಸ್ಟರಿನ ಗೊಂಬೆ. ಕತ್ತು ನೆಟ್ಟಗೆ. ಮೇಲೊಂದು ದೀಪ. ಸುತ್ತ ಹಗ್ಗ ಕಟ್ಟಿದ್ದರು, ಯಾರೂ ಮುಟ್ಟದ ಹಾಗೆ. ನಮ್ಮ ಹೊರೆಯ ಕೆಲಸ ಮುಗಿದ ಮೇಲೆ ಒಳಗೇ ಮಾಡಿ ನಿಲ್ಲಿಸಿದ್ದರು ಅಂತ ಕಾಣುತ್ತದೆ, ಈ ಕಮಾನಿನಲ್ಲಿ ಅವಳು ಬರುವವಳಲ್ಲ.

ನಾನು ಬೆರಗಾಗಿ ಅರ್ಧ ಎದ್ದೆ. ಬೆನ್ನ ಮೇಲಿದ್ದ ಅಸಿಬಿಯ ತಲೆ ಕಮಾನಿಗೆ ಟಪ್ಪೆಂದು ಬಡಿಯಿತು. ಮಗು ಕಿಟಾರನೆ ಕಿರುಚಿತು.

"ಶ್! ಸದ್ದು ನಿಲ್ಸು, ದೊಡ್ಡೋರು ಬರೋ ಹೊತ್ತು!" ಅಂದರು ಲಾರ್ಟೆ ಸಾಹೇಬರು, ನನ್ನ ಹಿಂದಿನಿಂದ.

ಕ್ರೇಟನ್ನೂ ಎಳೆದುಕೊಂಡು ಹಿಂದಕ್ಕೆ ತೆವಳಿ ಬಂದೆ. ಎದ್ದು ನಿಂತೆ. ಮಗಳ ನೆತ್ತಿ ಉಜ್ಜುತ್ತ ಕೇಳಿದೆ. "ಸಾಹೇಬ್ರೇ, ನಮ್ಮ ಕೋಣೆ ಎಲ್ಲಿ?"

"ಅದೇ ಅಲ್ವೇನಮ್ಮಾ! ನಿಮ್ಮನ್ನೇ ಒಳಗಿಟ್ಟಿದೀವಲ್ಲ. ಇನ್ನೇನು ಬೇಕು?"

"ಮಕ್ಕಳು?"

"ಮಗೂನೂ ಇದೆ ನೋಡು, ಬೆನ್ನ ಮೇಲೆ."

ಅವರು ನಕ್ಕದ್ದು ಒಳ್ಳೆಯ ಮನಸ್ಸಿನಿಂದಲೇ ಇರಬಹುದು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಪ್ಲಾಸ್ಟರಿನ ಮಗುವಿಗೆ ಸೂರಿದೆ, ದೀಪವಿದೆ, ಲಾರಿ ಬಾರದ ಹಾಗೆ ಹಗ್ಗವಿದೆ. ಅದು ಅಳುವುದಿಲ್ಲ, ಹೇಲುವುದಿಲ್ಲ, ಹಸಿವೆಂದು ಎದೆ ಕೇಳುವುದಿಲ್ಲ. ಅಂಥ ಮಗು ಹೆತ್ತಿದ್ದರೆ ನನಗೂ ಕೋಣೆ ಸಿಗುತ್ತಿತ್ತು.

"ಇಳಿಸ್ರೇ," ಅಂದೆ.

ಹೊರೆ ಒಬ್ಬಳೇ ಇಳಿಸಲಾಗುವುದಿಲ್ಲ. ಒಬ್ಬಳದನ್ನು ಇನ್ನೊಬ್ಬಳು ಹಿಡಿಯಬೇಕು. ಹಾಗೆ ಒಬ್ಬರಿಗೊಬ್ಬರು ಹಿಡಿದು, ಸೋಡಾ, ನೀರು, ಅನ್ನ ಎಲ್ಲವನ್ನೂ ಬಿಸಿಲಲ್ಲಿ ಸಾಲಾಗಿ ಇಳಿಸಿದೆವು.

"ಏನಿದು? ಏನಿದು?"

"ಬಾಗಿಲವರೆಗೆ ನಮ್ಮ ಕೆಲಸ ಸಾಹೇಬ್ರೇ. ತೆವಳೋದು ಮಾತಾಡಿರ್ಲಿಲ್ಲ."

"ಕೆಲಸ ಬಿಟ್ರೆ ನಾಳೆ ಈ ಮಾರ್ಕೆಟ್ಟಲ್ಲಿ ನಿಮ್ಮ ತಲೆ ಕಾಣಿಸ್ಬಾರ್ದು!"

"ತಲೆ ನಿಮಗೆ ಯಾವತ್ತು ಕಂಡಿತ್ತು? ಬೋಗುಣಿ ಕಂಡಿತ್ತು ಅಷ್ಟೇ."

ಇದನ್ನು ಹೇಳಿದ ಮೇಲೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಬೈದು ಹೊರಟುಹೋಗುವುದು, ಮತ್ತೆ ಲಾರಿಗಳ ನಡುವೆ ಚಾಪೆ ಹಾಸುವುದು, ಅಷ್ಟೇ ಹೊಳೆದದ್ದು. ಆಗ ತಲಾತಜ್ಜಿ ಗುಂಪು ಸೀಳಿಕೊಂಡು ಬಂದಳು. ಬಾಗಿಲ ಮುಂದೆ ನಿಂತಳು. ಕಮಾನನ್ನು ಅಂಗೈಯಿಂದ ಸವರಿದಳು. ಮೊದಲು ಕೋಲು ಒಳಗೆ ಹೋಯಿತು. ಆಮೇಲೆ ಅವಳು. ಕತ್ತು ತಿರುಗದಿದ್ದರೇನು, ಸೊಂಟ ಚೆನ್ನಾಗಿಯೇ ಬಗ್ಗಿತು. ಹುಡುಗಿಯ ಹಾಗೆ ಅಡ್ಡಗೋಡೆ ದಾಟಿದಳು. ಒಳಗಿನಿಂದ ದನಿ ಬಂತು.

"ಬನ್ರೇ. ತಂಪಾಗಿದೆ."

ಮೊದಲು ಮಕ್ಕಳನ್ನು ಬೆನ್ನಿಂದ ಬಿಚ್ಚಿ ಒಬ್ಬೊಬ್ಬರನ್ನಾಗಿ ಒಳಗೆ ಕೊಟ್ಟೆವು. ಆಮೇಲೆ ನಾವು. ಹೊರೆಯಿಲ್ಲದ ತಲೆ ಬಗ್ಗಿಸುವುದು ಎಷ್ಟು ಸುಲಭ! ಎಬೊ ಹೇಳಿದ್ದು ಸುಳ್ಳಲ್ಲ. ಹಗ್ಗ ಬಿಚ್ಚಿದೆವು. ಗೊಂಬೆಯ ಕಾಲ ಬಳಿ ನಾನು, ಕೋಣೆ ಸಿಗುತ್ತದೆಂದು ಬೆಳಿಗ್ಗೆಯೇ ಸುತ್ತಿ ತಂದಿದ್ದ ಟೈರಿನ ಗುರುತಿನ ಚಾಪೆ ಹಾಸಿ ಅಸಿಬಿಯನ್ನು ಮಲಗಿಸಿದೆ. ಫಾತಿ ತನ್ನ ಅವಳಿಗಳ ಒದ್ದೆ ಬಟ್ಟೆಯನ್ನು ಗೊಂಬೆಯ ಕೈಗೆ ನೇತುಹಾಕಿದಳು. "ಅಕ್ಕಾ, ಸ್ವಲ್ಪ ಹಿಡ್ಕೋ," ಅಂದಳು ಅದಕ್ಕೆ. ಎದೆ ಹಾಲು ಕುಡಿದ ಮಕ್ಕಳು ಆ ತಂಪಿಗೆ ಒಂದೊಂದೇ ನಿದ್ದೆಹೋದವು.

ಹೊರಗೆ ಡೋಲು ಶುರುವಾಯಿತು. ಕಾರುಗಳ ಬಾಗಿಲು ಬಡಿದವು. ಲಾರ್ಟೆ ಸಾಹೇಬರ ದನಿ. "ಎಬೊ! ಹಿಂದಿನ ಬಾಗಿಲು ತೆಗಿ, ಇವರನ್ನ ಆ ಕಡೆಯಿಂದ ಓಡ್ಸೋಣ."

"ಹಿಂದೆ ಬಾಗಿಲಿಲ್ಲ ಸರ್. ಒಂದೇ ಬಾಗಿಲು. ನೀವೇ ಮೆಚ್ಚಿ ಒಪ್ಪಿದ್ದು."

ಆಮೇಲೆ ಎಬೊನ ತಲೆ ಒಳಗೆ ಬಂತು. ತಲಾತಜ್ಜಿ ಅಡ್ಡಗೋಡೆಯ ಈಚೆ ಕೋಲು ಹಿಡಿದು ಕೂತಿದ್ದಳು. ಅವನ ಬುರುಡೆಗೆ ಮೆಲ್ಲನೆ ಒಂದು ತಟ್ಟಿದಳು. ಟಕ್.

"ಯಾರದು?"

"ಎಬೊ, ಅಮ್ಮಾ. ನಕ್ಷೆಯವನು."

"ನಮ್ಮೋನೇ. ಬಾ ಮಗಾ. ಏ, ನೀರು ಕೊಡ್ರೇ."

ಅವನು ದಾಟಿ ಬಂದು ಕೋಣೆ ನೋಡಿದ. ಮಕ್ಕಳನ್ನು ನೋಡಿದ. ಗೊಂಬೆಯ ಕೈಯಲ್ಲಿದ್ದ ಒದ್ದೆ ಬಟ್ಟೆ ನೋಡಿದ. "ಈ ಕೋಣೆ ಬದಲಾಯಿಸಿದ್ದು ನನಗೆ ಗೊತ್ತಿತ್ತು. ಸುಮ್ಮನಿದ್ದೆ," ಅಂದ. ಮುಖ ಚಿಕ್ಕದಾಯಿತು. "ಅಮ್ಮಾ, ನಾಳೆಯೇ ಈ ಕಮಾನು ಒಡೆಸ್ತೀನಿ. ಬಾಗಿಲು ಎತ್ತರ ಮಾಡ್ತೀನಿ."

"ಮುಟ್ಟಿ ನೋಡು," ಅಂದಳು ಮುದುಕಿ, ಕೋಲೆತ್ತಿ. "ಹೊರೆ ತರೋಕೆ ಬೇಕಾದ್ರೆ ಆ ಕಡೆ ಇನ್ನೊಂದು ಮಾಡು. ಇದು ನಮ್ಮವ್ವಂದು."

ಹೊರಗೆ ಯಾರೋ ಬಾಯಾರಿಕೆ ಎಂದರು. ಕ್ರೇಟು ಅಲ್ಲೇ ಇತ್ತು, ಎತ್ತಿಕೊಡುವವರು ಇರಲಿಲ್ಲ. ಕಡೆಗೆ ಲಾರ್ಟೆ ಸಾಹೇಬರೇ ಜರಿಬಟ್ಟೆ ಹಿಡಿದುಕೊಂಡು ಬಗ್ಗಿದರು. ತಲೆ ಒಳಗೆ, ಮೈ ಹೊರಗೆ. ಹೊದ್ದಿದ್ದ ಬಟ್ಟೆಯ ಅಂಚು ಕಮಾನಿಗೆ ಸಿಕ್ಕಿಕೊಂಡಿತು.

"ಏಯ್ ಕಾಯಾ!"

ಟಕ್.

"ಆ ಹೆಸರಿನೋರು ಈ ಮನೇಲಿಲ್ಲ," ಅಂದಳು ತಲಾತಜ್ಜಿ.

"ನಾನು ಅಧ್ಯಕ್ಷ! ಇದು ನನ್ನ ಭವನ!"

ಟಕ್. "ಮನೆಯೋನಾಗಿದ್ರೆ ಒಳಗಿರ್ತಿದ್ದೆ ಮಗಾ. ತಲೆ ಬಗ್ಗಿಸ್ಕೊಂಡು ನಿಂತಿದೀಯ ಅಂದ್ಮೇಲೆ ನೀನು ನೆಂಟ. ಯಾರು ಬೇಕು? ಹೆಸರು ಹೇಳು."

ಹೆಸರು ಎಲ್ಲಿಂದ ತರಬೇಕು? ಇಷ್ಟು ವರ್ಷ ಅವರ ಅಂಗಡಿಗೆ ಹೊತ್ತವರು ನಾವು, ಒಬ್ಬಳ ಹೆಸರನ್ನೂ ಕೇಳಿದವರಲ್ಲ. ಅವರ ಹಿಂದೆ ಡೋಲು ನಿಂತಿತ್ತು, ಎಲ್ಲರೂ ನೋಡುತ್ತಿದ್ದರು. ಬಗ್ಗಿದ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಒಂದು ಕೈ ಗೋಡೆಯ ಮೇಲೆ, ಒಂದು ಕೈ ಜರಿಯಲ್ಲಿ. ನನಗೆ ಅಯ್ಯೋ ಅನ್ನಿಸಿತು. ಆ ಬೆವರು ನನಗೆ ಗೊತ್ತು.

"ಅಜ್ಜಿ ಹೆಸರು ತಲಾತಾ," ಅಂದೆ. "ನಾನು ಲಮೀಸಿ. ಮಲಗಿರೋಳು ಅಸಿಬಿ. ಆ ಗೊಂಬೆಗೆ ಇನ್ನೂ ಹೆಸರಿಟ್ಟಿಲ್ಲ."

ಸಾಹೇಬರು ನೆಲ ನೋಡುತ್ತಲೇ ಮೆತ್ತಗೆ ಕೇಳಿದರು.

"ತಲಾತಮ್ಮಾ… ಒಳಗೆ ಬರ್ಬಹುದಾ?"

ತಲಾತಜ್ಜಿ ಕೋಲು ಕೆಳಗಿಟ್ಟಳು. ಇಡೀ ಮೈ ತಿರುಗಿಸಿ ನನ್ನತ್ತ ನೋಡಿದಳು.

"ಲಮೀಸಿ, ಮಕ್ಕಳು ಎದ್ದಿದಾವೇನೇ ನೋಡು."

ನೋಡಿದೆ. ಅಸಿಬಿ ಬಾಯಿ ತೆರೆದುಕೊಂಡು, ಚಾಪೆಯ ನಡುವೆ, ಟೈರಿನ ಗುರುತಿನ ಮೇಲೆ ಕೈಕಾಲು ಚೆಲ್ಲಿ ಮಲಗಿದ್ದಳು.

"ಇಲ್ಲಜ್ಜೀ. ಮಲಗಿವೆ."

"ಹಾಗಾದ್ರೆ ಆಮೇಲೆ ಬರೋಕೆ ಹೇಳು."